ಮಂಗಳಮ್ಮನ ಜುಲೈ ಪಾಸು

ಮೈಸೂರು ರೈಲ್ವೆ ಸ್ಟೇಷನ್ನಿನ ಪಾರ್ಸಲ್ ಆಫೀಸಿಗೆ ನಾನು ಗುಮಾಸ್ತನಾಗಿ ಸೇರಿದ್ದು ಐವತ್ತೊಂದನೇ ಇಸವಿಯಲ್ಲಿ. ಸೇರಿದ ವಾರದಲ್ಲೇ ಹೆಂಗಸರ ವೇಟಿಂಗ್ ರೂಮಿನ ಆಯಾ ಮಂಗಳಮ್ಮನವರಿಂದ ಬೈಸಿಕೊಂಡೆ. ಬೆಂಗಳೂರಿಗೆ ಹೋಗಬೇಕಾದ ಮಲ್ಲಿಗೆ ಬುಟ್ಟಿಗಳಿಗೆ ಜಾಗ ಸಾಲದೆ ಅವರ ಬಾಗಿಲ ಪಕ್ಕದಲ್ಲಿ ನಾಲ್ಕು ಬುಟ್ಟಿ ಇಳಿಸಿದ್ದೆ.

"ಸುಂದರೇಶಪ್ಪ, ಇದು ಹೆಣ್ಮಕ್ಕಳು ಕಾಲು ಚಾಚ್ಕೊಂಡು ಕೂರೋ ಜಾಗ. ನಿಮ್ ಬುಟ್ಟಿ ಕೂರೋ ಜಾಗ ಅಲ್ಲ, ತೆಗೀರಿ" ಅಂದರು.

ತೆಗೆದೆ. ಮಧ್ಯಾಹ್ನ ಅವರೇ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಅಲ್ಲಿಂದ ಮುಂದೆ ಅವರ ರಜೆ ಚೀಟಿ, ಪಾಸಿನ ಅರ್ಜಿ, ಕಾಗದ ಪತ್ರ ಎಲ್ಲ ಬರೆಯುವ ಕೆಲಸ ನನ್ನದಾಯಿತು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಇಲ್ಲಿ ಬರೆಯುತ್ತಿರುವುದರಲ್ಲಿ ಸ್ವಲ್ಪ ಕಣ್ಣಾರೆ ಕಂಡದ್ದು, ಉಳಿದದ್ದೆಲ್ಲ ಅವರು ಪ್ರಯಾಣ ಮುಗಿಸಿ ಬಂದ ಮೇಲೆ ನನ್ನ ಮೇಜಿನ ಎದುರು ಸ್ಟೂಲಿನ ಮೇಲೆ ಕೂತು ಹೇಳಿದ್ದು.

ಮಂಗಳಮ್ಮನವರದು ವರುಣಾದ ಕಡೆಯ ಒಕ್ಕಲು ಮನೆತನ. ಗಂಡ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವರು ನಲವತ್ತೇಳರಲ್ಲಿ ವಿಷಮಜ್ವರ ಬಂದು ಹನ್ನೆರಡೇ ದಿನಕ್ಕೆ ತೀರಿಕೊಂಡರು. ಮಗಳು ಪ್ರೇಮಲೀಲಾಗೆ ಆಗ ಒಂಬತ್ತು ವರ್ಷ. ರೈಲ್ವೆಯವರು ಹೆಂಡತಿಗೆ ಆಯಾ ಕೆಲಸ ಕೊಟ್ಟರು. ಬಂಬೂ ಬಜಾರಿನ ವಠಾರವೊಂದರಲ್ಲಿ ತಾಯಿ ಮಗಳು ಒಂದು ಕೋಣೆಯಲ್ಲಿ ಇದ್ದರು. ಮಂಗಳಮ್ಮ ಬೆಳಿಗ್ಗೆ ಆರಕ್ಕೆ ಬಂದು ವೇಟಿಂಗ್ ರೂಮು ಗುಡಿಸಿ, ಹಂಡೆ ನೀರು ಕಾಯಿಸಿ, ಬಂದ ಹೆಂಗಸರ ಕೂಸುಗಳಿಗೆ ಹಾಲು ಬಿಸಿ ಮಾಡಿ, ಸೇಫ್ಟಿ ಪಿನ್ನು ಕಳೆದುಕೊಂಡವರಿಗೆ ತಮ್ಮ ಬಳೆಯಿಂದಲೇ ಒಂದು ಕಳಚಿ ಕೊಡುತ್ತಿದ್ದರು. ಯಾವ ಗಾಡಿ ಯಾವ ಪ್ಲಾಟ್‌ಫಾರಮ್ಮು ಎಂದು ಅವರನ್ನು ಕೇಳಿದರೆ ಸಾಕಾಗಿತ್ತು. ಆದರೆ ನಂಜನಗೂಡು ದಾಟಿ ಅವರು ಯಾವ ಗಾಡಿಯಲ್ಲೂ ಹೋದವರಲ್ಲ.

ಏಪ್ರಿಲ್ ಮೇ ತಿಂಗಳಲ್ಲಿ ಆ ರೂಮು ತುಂಬಿ ತುಳುಕುತ್ತಿತ್ತು. ಬೆಂಗಳೂರಿನಿಂದ ರೈಲಿನಲ್ಲಿ ಬಂದ ದೊಡ್ಡ ಮನೆಯ ಹೆಂಗಸರು ಅಲ್ಲಿ ಸ್ನಾನ ಮಾಡಿ, ಜಡೆ ಹಾಕಿಸಿಕೊಂಡು, ಗುಂಡ್ಲುಪೇಟೆ ಮೇಲಿನ ಬಸ್ಸು ಹಿಡಿದು ಊಟಿಗೆ ಹೋಗುತ್ತಿದ್ದರು. ಇಪ್ಪತ್ತು ದಿನ ಬಿಟ್ಟು ಮೂಗಿನ ತುದಿ ಕೆಂಪಾಗಿ, ನೀಲಗಿರಿ ಎಣ್ಣೆಯ ವಾಸನೆ ಹೊತ್ತು ಹಿಂದಿರುಗುತ್ತಿದ್ದರು. ಒಂದು ಸಲ ಮೇ ಕೊನೆಯಲ್ಲಿ ಹಾಗೆ ಬಂದ ಒಬ್ಬಾಕೆ, "ಸೀಸನ್ ಮುಗೀತಲ್ಲ ಮಂಗಳಮ್ಮ, ಇನ್ನು ಅಲ್ಲಿ ಯಾರೂ ಇರೋದಿಲ್ಲ. ಬರೀ ಮಳೆ, ಮಂಜು" ಅಂದರಂತೆ.

ಆ ಮಾತು ಮಂಗಳಮ್ಮನವರಿಗೆ ಹಿಡಿಸಲಿಲ್ಲ. ನನ್ನ ಹತ್ತಿರ ಬಂದು ಕೇಳಿದರು: "ಯಾರೂ ಇರಲ್ಲ ಅಂದ್ರೆ ಎಂಗಪ್ಪ? ಅಷ್ಟು ದೊಡ್ಡ ಬೆಟ್ಟ. ಅಲ್ಲಿ ಹಸು ಕಟ್ಟೋರು, ಹೊಲ ಗೇಯೋರು ಇರಲ್ವಾ? ಮಳೆ ಬಂತು ಅಂತ ಅವರೆಲ್ಲಿಗೆ ಹೋಯ್ತಾರೆ?"

ನನಗೇನು ಗೊತ್ತು. ನಾನಾಗ ಅರಸೀಕೆರೆ ದಾಟಿದವನಲ್ಲ.

ಮೈಸೂರು ರೈಲ್ವೆ ಸದರನ್ ರೈಲ್ವೆಗೆ ಸೇರಿಹೋದ ಮೇಲೆ ನಮ್ಮ ಪಾಸು ಮದರಾಸಿನ ಕಡೆಗೂ ನಡೆಯತೊಡಗಿತ್ತು. ವರ್ಷಕ್ಕೊಂದು ಸಲ ಪುಕ್ಕಟೆಯಾಗಿ ಎಲ್ಲಿಗೆ ಬೇಕಾದರೂ ಹೋಗಿಬರಬಹುದು. ಆದರೆ ಆಯಾಗೆ ಬೇಸಿಗೆಯಲ್ಲಿ ರಜೆ ಸಿಗದು, ದಸರಾದಲ್ಲಂತೂ ಕೇಳುವ ಹಾಗೇ ಇಲ್ಲ. ಸಿಕ್ಕರೆ ಜುಲೈನಲ್ಲಿ, ರೂಮು ಖಾಲಿ ಹೊಡೆಯುವಾಗ. ಐವತ್ಮೂರರ ಜೂನ್ ಕೊನೆಗೆ ಮಂಗಳಮ್ಮ ಬಂದು, "ಬರೀರಿ ಸುಂದರೇಶಪ್ಪ, ಉದಕಮಂಡಲ. ಎಂಟು ದಿನ ರಜ" ಅಂದರು.

ಸ್ಟೇಷನ್ ಮಾಸ್ತರರು ಅರ್ಜಿ ನೋಡಿ ಕನ್ನಡಕ ತೆಗೆದರು. "ಜುಲೈನಲ್ಲಿ ಊಟಿಗಾ? ಅಲ್ಲಿ ಏನು ನೋಡ್ತೀರಿ?"

"ಯಾರಿದ್ದಾರೆ ಅಂತ ನೋಡ್ಬುಟ್ಟು ಬತ್ತೀನಿ ಬುದ್ಧಿ."

ಅವರು ನಕ್ಕು ಸಹಿ ಹಾಕಿದರು.

ಮಗಳನ್ನು ವಠಾರದ ನೀಲಮ್ಮನವರ ಮನೆಯಲ್ಲಿ ಬಿಟ್ಟರು. ಅವಳಿಗೆ ಸ್ಕೂಲಿತ್ತು. ಸ್ವೆಟರು ಗಿಟರು ಅವರಲ್ಲಿ ಇರಲಿಲ್ಲ. ಗಂಡನ ಜತೆ ಕೆಲಸ ಮಾಡಿದ್ದ ನಿಂಗಯ್ಯ ತನ್ನ ಕಪ್ಪು ಕಂಬಳಿ ಕೋಟು ಕೊಟ್ಟ. ರೈಲ್ವೆಯವರು ಕೊಟ್ಟದ್ದು, ಮೊಣಕಾಲಿನವರೆಗೆ ಬರುತ್ತಿತ್ತು, ಎದೆ ಮೇಲೆ ಆರು ಹಿತ್ತಾಳೆ ಗುಂಡಿ. ಸೀರೆಯ ಮೇಲೆ ಅದನ್ನು ಹಾಕಿಕೊಂಡು, ಕೈಯಲ್ಲಿ ಚಟ್ನಿಪುಡಿ ಡಬ್ಬ, ರಾಗಿರೊಟ್ಟಿ ಗಂಟು ಹಿಡಿದು ಅವರು ಗಾಡಿ ಹತ್ತಿದಾಗ ಪೋರ್ಟರುಗಳೆಲ್ಲ ನಿಂತು ನೋಡಿದರು. ಬಸ್ಸಿನಲ್ಲಾದರೆ ಆರೇಳು ಗಂಟೆಯ ದಾರಿ. ಪಾಸು ನಡೆಯುವುದು ರೈಲಿನಲ್ಲಿ. ಅದಕ್ಕಾಗಿ ಬೆಂಗಳೂರು, ಜೋಲಾರಪೇಟೆ, ಕೊಯಮತ್ತೂರು ಎಂದು ದೇಶವೆಲ್ಲ ಸುತ್ತಿಕೊಂಡು ಮೂರನೆಯ ದಿನ ಬೆಳಿಗ್ಗೆ ಅವರು ಮೆಟ್ಟುಪಾಳ್ಯ ಮುಟ್ಟಿದರು.

ಅಲ್ಲಿಂದ ಬೆಟ್ಟ ಹತ್ತುವ ಸಣ್ಣ ಗಾಡಿ. ಇಂಜಿನ್ನು ಮುಂದಿಲ್ಲ, ಹಿಂದಿದೆ. "ಹೆತ್ತವ್ವ ಕೂಸಿನ ಬೆನ್ನಿಗೆ ಕೈ ಕೊಟ್ಟು ನಡೆಸ್ದಂಗೆ ತಳ್ತದೆ ಸುಂದರೇಶಪ್ಪ" ಎಂದು ಆಮೇಲೆ ನನಗೆ ಎರಡೂ ಕೈ ಚಾಚಿ ತೋರಿಸಿದರು. ಡಬ್ಬಿಯಲ್ಲಿ ಇದ್ದದ್ದು ಮೂರೇ ಜನ. ಪ್ರತಿ ಡಬ್ಬಿಯ ಮುಂದೆಯೂ ಒಬ್ಬ ಬ್ರೇಕ್ ಹಿಡಿದು ನಿಂತಿದ್ದ. ಇವರ ಡಬ್ಬಿಯವನು ಕೋಟು ನೋಡಿ ರೈಲ್ವೆಯವರೆಂದು ತಿಳಿದು ಸಲಾಮು ಹೊಡೆದ. ಅವನ ತಮಿಳು ಇವರಿಗೆ ಅರ್ಧ, ಇವರ ಕನ್ನಡ ಅವನಿಗೆ ಅರ್ಧ ತಿಳಿಯಿತು. ಸುರಂಗ ಬಂದಾಗಲೆಲ್ಲ ಅವನು ಮೊದಲೇ ಬೆರಳೆತ್ತಿ ಎಷ್ಟನೆಯದೆಂದು ಹೇಳುತ್ತಿದ್ದ. ಮಂಗಳಮ್ಮ ಕಿಟಕಿ ಬಿಟ್ಟು ಏಳಲಿಲ್ಲ. ಕೂನೂರು ಬರುವ ಹೊತ್ತಿಗೆ ಕೆಳಗಿನ ಕಾಡೆಲ್ಲ ಮಂಜಿನಲ್ಲಿ ಮುಳುಗಿಹೋಗಿತ್ತು.

ಕೂನೂರು ದಾಟಿ ಎರಡು ಮೂರು ಸ್ಟೇಷನ್ ಆದ ಮೇಲೆ ಗಾಡಿ ನಿಂತಿತು. ಮುಂದೆ ಹಳಿಯ ಮೇಲೆ ಮಣ್ಣು ಕುಸಿದಿದೆ, ತೆಗೆಯಲು ನಾಳೆಯಾಗುತ್ತದೆ ಎಂದರು. ಉಳಿದ ಇಬ್ಬರು ಪ್ರಯಾಣಿಕರು ಕೊಡೆ ಬಿಡಿಸಿ ರಸ್ತೆಯ ಕಡೆ ನಡೆದರು. ಮಧ್ಯಾಹ್ನ ಎರಡು ಗಂಟೆ. ಗೂಡಿನಂಥ ಸ್ಟೇಷನ್ನು, ಸುತ್ತ ಹಸಿರು ಇಳಿಜಾರು. ಮಂಗಳಮ್ಮ ಅಲ್ಲಿನ ಹೆಂಗಸರ ವೇಟಿಂಗ್ ರೂಮಿಗೆ ಹೋದರು. ಸೀಸನ್ ಮುಗಿದು ತಿಂಗಳ ಮೇಲಾಗಿತ್ತು, ಬೆಂಚಿನ ಮೇಲೆ ಧೂಳು ಕೂತಿತ್ತು. ಮೂಲೆಯಲ್ಲಿ ಕಸಪೊರಕೆ ಕಂಡಿತು. ಕೈ ಸುಮ್ಮನಿರಲಿಲ್ಲ. ಗುಡಿಸಿ, ಬೆಂಚು ಒರೆಸಿ, ಕಿಟಕಿ ಗಾಜು ಉಜ್ಜಿ ಕೂತರು.

ಆಗ ಹೊರಗೆ ಯಾರೋ ಕೂಗಿಕೊಂಡದ್ದು ಕೇಳಿತು. ಬಿಳಿ ಬಟ್ಟೆಯುಟ್ಟು ತಲೆಗೆ ಬಿಳಿ ವಸ್ತ್ರ ಬಿಗಿದಿದ್ದ ಒಬ್ಬ ಹೆಂಗಸು ಪ್ಲಾಟ್‌ಫಾರಮ್ಮಿನಲ್ಲಿ ಮೂಟೆಗಳನ್ನು ಎಳೆಯುತ್ತಿದ್ದಳು. ಹದಿನಾಲ್ಕು ಮೂಟೆ ಆಲೂಗೆಡ್ಡೆ. ಕೆಳಗಿಳಿಯುವ ಗಾಡಿಗೆ ಹಾಕಲು ತಂದದ್ದು. ಗಂಡ ಇನ್ನೂ ನಾಲ್ಕು ಮೂಟೆ ತರಲು ಹಟ್ಟಿಗೆ ಹಿಂದಿರುಗಿದ್ದ. ಮಳೆ ಒಮ್ಮೆಲೇ ಜೋರಾಯಿತು, ಗಾಡಿ ಬರುವುದಿಲ್ಲ, ಪ್ಲಾಟ್‌ಫಾರಮ್ಮಿನ ಚಾವಣಿ ಮೂರು ಮೂಟೆಗೂ ಸಾಲದು. ನೆನೆದರೆ ಎರಡು ದಿನಕ್ಕೆ ಕೊಳೆಯುತ್ತದೆ.

ಅವಳು ಕೂಗಿದ್ದು ಮಂಗಳಮ್ಮನವರಿಗೆ ತಿಳಿಯಿತು. ಜೋಲಾರಪೇಟೆ ದಾಟಿದ ಮೇಲೆ ಕಿವಿಗೆ ಬಿದ್ದದ್ದೆಲ್ಲ ತಮಿಳು. ಇದು ತಮಿಳಲ್ಲ. ಏನೋ ಹಳೆಯ ಕಾಲದ ಕನ್ನಡ, ಮೂಲೆ ಮುರಿದಿದೆ, ಆದರೆ ಕನ್ನಡವೇ.

"ಎಲ್ಲಾ ಒಳಕ್ಕೆ ಎಳಿಯವ್ವ!" ಎಂದು ಮಂಗಳಮ್ಮ ಮೊದಲ ಮೂಟೆಯ ಕಿವಿ ಹಿಡಿದರು.

ಇಬ್ಬರೂ ಸೇರಿ ಮೂಟೆಗಳನ್ನು ಹೆಂಗಸರ ವೇಟಿಂಗ್ ರೂಮಿಗೆ ಎಳೆದರು. ಒಂಬತ್ತನೆಯದು ಎಳೆಯುವಾಗ ಆ ಸ್ಟೇಷನ್ನಿನ ಮಾಸ್ತರರು ಓಡಿಬಂದರು. ಕೊಯಮತ್ತೂರಿನ ಕಡೆಯವರು, ಕನ್ನಡ ಸ್ವಲ್ಪ ಬರುತ್ತಿತ್ತು. ಇದು ಪ್ರಯಾಣಿಕರ ರೂಮು, ಗೋಡೌನ್ ಅಲ್ಲ ಅಂದರು.

ಮಂಗಳಮ್ಮ ಕೋಟಿನ ಗುಂಡಿ ಸರಿಮಾಡಿಕೊಂಡು ನೆಟ್ಟಗೆ ನಿಂತರು. "ಸ್ವಾಮಿ, ನಾನು ಮೈಸೂರು ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮ್ ನೋಡ್ಕೊಳ್ಳೋಳು. ರೂಲ್ಸು ನಂಗೂ ಗೊತ್ತು. ಹೆಂಗಸು ಒಳಗೆ ಬಂದ್ರೆ ಅವಳ ಸಾಮಾನೂ ಒಳಗೆ ಬತ್ತದೆ. ಇವು ಈಯಮ್ಮನ ಸಾಮಾನು. ನಾಳೆ ನಾನೇ ಗುಡಿಸಿ ಕೊಟ್ಟು ಹೋಯ್ತೀನಿ."

ಮಾಸ್ತರರು ಕೋಟು ನೋಡಿದರು, ಪಾಸು ನೋಡಿದರು, ಹೊಳೆಯುತ್ತಿದ್ದ ಕಿಟಕಿ ಗಾಜನ್ನೂ ನೋಡಿದರು. ಆಮೇಲೆ ತಾವೇ ಹತ್ತನೆಯ ಮೂಟೆಗೆ ಕೈಹಾಕಿದರು.

ಇದನ್ನು ಕೇಳಿದಾಗ ನಾನು, "ಮಂಗಳಮ್ಮನವರೇ, ನನ್ನ ನಾಲ್ಕು ಬುಟ್ಟಿ ಮಲ್ಲಿಗೆಗೆ ಏನಂದಿದ್ರಿ?" ಎಂದು ಕೇಳಿದೆ. "ಮಲ್ಲಿಗೆ ನೀವು ಬೆಳೆದಿದ್ರಾ?" ಅಂದರು.

ಆ ಹೆಂಗಸಿನ ಹೆಸರು ಮಾದಿ. ಬಡಗರವಳು. ನೀಲಗಿರಿಯಲ್ಲಿ ಹಟ್ಟಿ ಕಟ್ಟಿಕೊಂಡು ಹೊಲ ಮಾಡುವ ಜನ ಅವರು. ಅವಳು ಮಂಗಳಮ್ಮನವರನ್ನು ಸ್ಟೇಷನ್ನಿನಲ್ಲಿ ಉಳಿಯಗೊಡಲಿಲ್ಲ. ಕೈಹಿಡಿದು ಗುಡ್ಡದ ಮೇಲಿನ ಹಟ್ಟಿಗೆ ಕರೆದುಕೊಂಡು ಹೋದಳು. ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ತಾಗಿದ ಇಪ್ಪತ್ತು ಮನೆ. ಮಾದಿಯ ಮನೆಯಲ್ಲಿ ಒಲೆಯ ಪಕ್ಕ ಅವಳ ಅತ್ತೆ ಕೂತಿದ್ದಳು. ತೊಂಬತ್ತು ದಾಟಿದ ಮುದುಕಿ, ಕಣ್ಣು ಮಂಜು. ಮಂಗಳಮ್ಮ ಕಾಲಿಗೆ ಬಿದ್ದಾಗ ತಲೆ ಮುಟ್ಟಿ ಏನೇನೋ ಹರಸಿ, ಯಾವ ಸೀಮೆಯವಳು ಎಂದು ಕೇಳಿದಳು.

"ಮೈಸೂರು ಕಣಜ್ಜಿ."

ಮುದುಕಿ ಎರಡು ಕೈಯಲ್ಲೂ ಇವರ ಮುಖ ಹಿಡಿದುಕೊಂಡಳು. ಬಡಗರ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರೆಂದು ಅವರಲ್ಲಿ ಹೇಳಿಕೊಂಡು ಬಂದ ಮಾತು. ಮುದುಕಿ ಮೊನ್ನೆಯಷ್ಟೇ ಬಿಟ್ಟುಬಂದ ಊರನ್ನು ವಿಚಾರಿಸುವ ಹಾಗೆ, "ಅಲ್ಲಿ ನಮ್ಮವರೆಲ್ಲ ಸುಖವಾಗಿದಾರಾ? ಮಳೆ ಬೆಳೆ ಆಯ್ತಾ?" ಅಂದಳು.

ಮಂಗಳಮ್ಮ, "ಎಲ್ಲಾ ಚೆಂದಾಗವ್ರೆ ಕಣಜ್ಜಿ. ಈ ವರ್ಸ ರಾಗಿನೂ ಚೆಂದಾಗೈತೆ. ನಿಮ್ಮನ್ನ ನೆನೀತಿರ್ತಾರೆ" ಅಂದುಬಿಟ್ಟರು. ಹಾಗೆ ಹೇಳಿದ್ದು ಸುಳ್ಳಾಯಿತೇ ಎಂದು ನನ್ನನ್ನು ಕೇಳಿದರು. ಆಗಲಿಲ್ಲ ಎಂದೆ.

ಮರುದಿನ ಹಳಿಯ ಮಣ್ಣು ತೆಗೆದು ಗಾಡಿ ಊಟಿಗೆ ಹೊರಟಿತು. ಮಂಗಳಮ್ಮ ಸ್ಟೇಷನ್ನಿಗೆ ಇಳಿದುಬಂದು, ಮೂಟೆಗಳನ್ನು ಹೊರಗೆ ಸಾಗಿಸಿ, ಮಾತು ಕೊಟ್ಟಂತೆ ವೇಟಿಂಗ್ ರೂಮು ಗುಡಿಸಿ, ಗಾಡಿಗೆ ಕೈಬೀಸಿ ಮತ್ತೆ ಗುಡ್ಡ ಹತ್ತಿದರು. ರಜೆ ಮುಗಿಯುವವರೆಗೂ ಅಲ್ಲೇ ಇದ್ದರು. ಹೆಂಗಸರ ಜತೆ ಆಲೂಗೆಡ್ಡೆ ಕಿತ್ತರು, ಅವರೆಕಾಳು ಬಿಡಿಸಿದರು, ರಾಗಿಮುದ್ದೆಯನ್ನು ಅವರಿಗಿಂತ ಚೆನ್ನಾಗಿ ಕಟ್ಟಿ ಹೊಗಳಿಸಿಕೊಂಡರು. ಮೈಸೂರಿಗೆ ಬಂದಾಗ ಸ್ಟೇಷನ್ ಮಾಸ್ತರರು ಕೇಳಿದರು, "ಊಟಿ ನೋಡಿದ್ರಾ?"

"ಇಲ್ಲ ಬುದ್ಧಿ. ಅಷ್ಟು ದೂರ ಹೋಗ್ಲಿಲ್ಲ."

ಮುಂದಿನ ವರ್ಷವೂ ಜುಲೈನಲ್ಲಿ ಉದಕಮಂಡಲದ ಪಾಸು ಬರೆಸಿದರು. ಅದರ ಮುಂದಿನ ವರ್ಷವೂ. ಪ್ರತಿ ಸಲವೂ ಅದೇ ಪುಟ್ಟ ಸ್ಟೇಷನ್ನಿನಲ್ಲಿ ಇಳಿದರು. ಪಾಸಿನಲ್ಲಿ ಇನ್ನೆರಡು ಸ್ಟೇಷನ್ನಿನ ದಾರಿ ಯಾವಾಗಲೂ ಉಳಿದೇ ಹೋಗುತ್ತಿತ್ತು. ಹೋಗುವಾಗ ಮೈಸೂರಿನ ವೀಳ್ಯದೆಲೆ, ದೇವರಾಜ ಮಾರ್ಕೆಟ್ಟಿನ ಅರಿಶಿನದ ಕೊಂಬು. ಬರುವಾಗ ಒಂದು ಚೀಲ ಆಲೂಗೆಡ್ಡೆ. ಐವತ್ತಾರರಲ್ಲಿ ಹಟ್ಟಿಯ ಅಜ್ಜಿ ತೀರಿಕೊಂಡ ಸುದ್ದಿ ಕಾಗದದಲ್ಲಿ ಬಂತು. ಓದಿ ಹೇಳಿದವನು ನಾನೇ. ಅಂದು ಮಂಗಳಮ್ಮ ವೇಟಿಂಗ್ ರೂಮಿನ ಬಾಗಿಲು ಅರ್ಧ ಮುಚ್ಚಿಕೊಂಡು ಕೂತಿದ್ದರು.

ಐವತ್ತೇಳರಲ್ಲಿ ಈ ಪ್ರಯಾಣಕ್ಕೇ ಕುತ್ತು ಬಂತು. ಪ್ರೇಮಲೀಲಾ ಎಸ್ಸೆಸ್ಸೆಲ್ಸಿ ಮುಗಿಸಿ ಟೀಚರ್ ಟ್ರೈನಿಂಗ್ ಮಾಡುತ್ತಿದ್ದಳು. ಬನ್ನಿಮಂಟಪದ ಬೋರಮ್ಮನವರ ಮಗ ಚೆಲುವರಾಜು, ಸ್ಕೂಲು ಮೇಷ್ಟ್ರು, ಅವಳನ್ನು ನೋಡಿ ಒಪ್ಪಿದ್ದ. ಬೋರಮ್ಮ ಆರು ಎಮ್ಮೆ ಕಟ್ಟಿ, ಬೀದಿ ಬೀದಿಗೆ ಹಾಲು ಹಾಕಿ ಮಗನನ್ನು ಓದಿಸಿದ ಗಟ್ಟಿ ಹೆಂಗಸು. ಎಲ್ಲ ಸರಿಹೋಯಿತು ಅನ್ನುವಾಗ ವಠಾರದಲ್ಲಿ ಯಾರೋ ಅವರ ಕಿವಿಗೆ ಊದಿದರು: ಗಂಡ ಸತ್ತವಳು, ವರ್ಷಾ ವರ್ಷಾ ಮಳೆಗಾಲದಲ್ಲಿ ಒಬ್ಬಳೇ ರೈಲು ಹತ್ತಿ ಬೆಟ್ಟಕ್ಕೆ ಹೋಗುತ್ತಾಳೆ, ಅಲ್ಲಿ ಯಾರಿದ್ದಾರೋ.

ಪ್ರೇಮಲೀಲಾ ಅತ್ತಳು. "ಈ ವರ್ಷ ಹೋಗ್ಬೇಡಮ್ಮ. ಮದುವೆ ಆಗೋವರೆಗಾದ್ರೂ."

ಮಂಗಳಮ್ಮ ಎರಡು ದಿನ ಯೋಚಿಸಿದರು. ಮೂರನೆಯ ದಿನ ಕೆಲಸ ಮುಗಿಸಿ ನೇರ ಬನ್ನಿಮಂಟಪಕ್ಕೆ ಹೋದರು. ಬೋರಮ್ಮ ಎಮ್ಮೆಗೆ ಹಿಂಡಿ ಕಲಸುತ್ತಿದ್ದರು.

"ಬೋರಕ್ಕ, ನಾನು ಬೆಟ್ಟಕ್ಕೆ ಹೋಗೋ ವಿಸ್ಯ ನಿಮ್ ಕಿವಿಗೆ ಬಿದ್ದದೆ ಅಂತ ಕೇಳ್ದೆ."

"ಬಿದ್ದದೆ."

"ಅಲ್ಲಿ ಯಾರವ್ರೆ ಅಂತ ನಾನು ಹೇಳಿದ್ರೆ ನೀವು ನಂಬಬೇಕಾಗ್ತದೆ. ನಂಬೋದ್ಯಾಕೆ, ಬಂದು ನೋಡ್ಬುಡಿ. ಬರೋ ಶುಕ್ರವಾರ ಹೊರಡ್ತೀನಿ."

ಬೋರಮ್ಮ ಹಿಂಡಿ ಕೈ ತೊಳೆದುಕೊಂಡರಂತೆ. "ಎಮ್ಮೆ ಯಾರು ಕರೀತಾರೆ?" ಅಂದರು. ಎಮ್ಮೆಗಳನ್ನು ತಂಗಿಯ ಸುಪರ್ದಿಗೆ ಬಿಟ್ಟು, ಶುಕ್ರವಾರ ಟಿಕೆಟ್ಟು ತೆಗೆಸಿಕೊಂಡು ಗಾಡಿಗೆ ಬಂದೇಬಿಟ್ಟರು. ಪ್ಲಾಟ್‌ಫಾರಮ್ಮಿನಲ್ಲಿ ಪ್ರೇಮಲೀಲಾ ನನ್ನ ಪಕ್ಕ ನಿಂತು, "ಅಣ್ಣಾ, ಮುಗೀತು ನನ್ನ ಕತೆ" ಅಂದಳು. ನನಗೂ ಹಾಗೇ ಅನ್ನಿಸಿತ್ತು.

ಬೆಟ್ಟದ ಗಾಡಿ ಹತ್ತಿದ ಮೇಲೆ ಬೋರಮ್ಮ ಬಾಯಿ ಬಿಟ್ಟರಂತೆ. ಇಂಜಿನ್ನು ಹಿಂದಿರುವುದು ಅವರಿಗೆ ಸರಿಬರಲಿಲ್ಲ. "ಎತ್ತಿನ ಗಾಡಿಗೆ ಎತ್ತು ಹಿಂದೆ ಕಟ್ತಾರಾ? ನಂಗೆ ಇಳಿಸ್ಬುಡಿ" ಎಂದು ಗಲಾಟೆ ಮಾಡಿದರು. ಚಳಿ ಅಂದರು, ಮಂಜಿನಲ್ಲಿ ಉಸಿರು ಕಟ್ಟುತ್ತದೆ ಅಂದರು. ನಿಂಗಯ್ಯನ ಕೋಟು ಅವರ ಮೈಮೇಲೆ ಹೋಯಿತು. ಮಂಗಳಮ್ಮ ಸೆರಗು ಹೊದ್ದು ನಡುಗುತ್ತಾ ಹಟ್ಟಿ ಹತ್ತಿದರು.

ಮಾದಿಯ ಮನೆಯಲ್ಲಿ ಬಿಸಿನೀರು, ಊಟ, ಕಂಬಳಿ ಎಲ್ಲ ಆಯಿತು. ಬೋರಮ್ಮ ಮುಖ ಬಿಗಿದುಕೊಂಡೇ ಇದ್ದರು. ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಕಡೆ ಸದ್ದು ಕೇಳಿ ಎದ್ದು ಹೋದರು. ಹೊಸದಾಗಿ ಕರುಹಾಕಿದ ಎಮ್ಮೆ, ಮಾರುದ್ದದ ಕೊಂಬು, ಮಾದಿಯ ಮಗನನ್ನು ಹತ್ತಿರ ಬಿಟ್ಟುಕೊಳ್ಳದೆ ಒದೆಯುತ್ತಿತ್ತು. ಬೋರಮ್ಮ ಸೀರೆ ಎತ್ತಿ ಕಟ್ಟಿ ಒಳಗೆ ಕಾಲಿಡಬೇಕು, ಮಾದಿ ಓಡಿಬಂದು ತಡೆದಳು. ಆ ಮನೆಯಲ್ಲಿ ಹಾಲು ಕರೆಯುವುದು, ಹಾಲಿನ ಕೋಣೆ ನೋಡಿಕೊಳ್ಳುವುದು ಗಂಡಸರ ಕೆಲಸ. ಹಿಂದಿನಿಂದ ನಡೆದುಬಂದ ಕಟ್ಟು. ಹೆಂಗಸು ಎಮ್ಮೆಯ ಕೆಚ್ಚಲು ಮುಟ್ಟುವಂತಿಲ್ಲ.

"ನಾನು ಇಪ್ಪತ್ತು ವರ್ಸದಿಂದ ಕರೀತಿವ್ನಿ!" ಅಂದರು ಬೋರಮ್ಮ.

ಮಂಗಳಮ್ಮ ಅವರ ತೋಳು ಹಿಡಿದರು. "ಅವರ ಮನೆ ಕಟ್ಟು ಕಣಕ್ಕ. ನೀವು ಮುಟ್ಟಬ್ಯಾಡಿ. ಇಲ್ಲೇ ನಿಂತ್ಕೊಂಡು ಹೇಳಿ, ಆ ಹೈದ ಮಾಡ್ತಾನೆ."

ಬೋರಮ್ಮ ಬಾಗಿಲ ಹೊರಗೆ, ಜಿನುಗುವ ಮಳೆಯಲ್ಲಿ, ಕೈಕೈ ಹಿಸುಕಿಕೊಂಡು ನಿಂತರು. "ಮೊದಲು ಮುಂದಕ್ಕೆ ಹೋಗಿ ಹಣೆ ತುರಿಸು. ಹಿಂದಿನಿಂದ ಹೋಗ್ಬ್ಯಾಡ. ಕೆಚ್ಚಲು ಕಲ್ಲಾಗದೆ ನೋಡು, ಅದಕ್ಕೆ ನೋವು. ಬಿಸಿನೀರಲ್ಲಿ ಬಟ್ಟೆ ಅದ್ದಿ ಇಕ್ಕು. ಮೆಲ್ಲಗೆ. ಅಂಗಲ್ಲ, ಅಂಗೈಯಲ್ಲಿ. ಮಾತಾಡ್ಸು ಅದನ್ನ, ಬಾಯಿಲ್ವಾ ನಿಂಗೆ?" ಮಾದಿಯ ಮಗನಿಗೆ ಮೂವತ್ತು ವರ್ಷ, ಎರಡು ಮಕ್ಕಳ ತಂದೆ. ಆದರೂ ಹೇಳಿದ ಹಾಗೆ ಮಾಡಿದ. ಅರ್ಧ ಗಂಟೆ ಹಿಡಿಯಿತು. ಕೊನೆಗೆ ಎಮ್ಮೆ ಕಾಲು ಸಡಿಲಿಸಿ ಸೊರೆಬಿಟ್ಟಿತು. ಪಾತ್ರೆಗೆ ಹಾಲು ಬೀಳುವ ಸದ್ದು ಕೇಳಿ ಬೋರಮ್ಮ ಅಲ್ಲೇ ನಿಂತು ಗಟ್ಟಿಯಾಗಿ ನಕ್ಕರು. ಮನೆಯಿಂದ ಹೊರಟ ಮೇಲೆ ಅದೇ ಮೊದಲ ನಗು.

ಆ ಹೊತ್ತಿನಿಂದ ಹಟ್ಟಿಯಲ್ಲಿ ಬೋರಮ್ಮನವರದೇ ದರಬಾರು. ಇಪ್ಪತ್ತು ಮನೆಯವರೂ ತಂತಮ್ಮ ಎಮ್ಮೆಯ ಕಾಯಿಲೆ ಹೇಳಿಕೊಂಡು ಬಂದರು. ಬೋರಮ್ಮ ಕೋಟು ಹಾಕಿಕೊಂಡು ಎಲ್ಲ ಕೊಟ್ಟಿಗೆಯ ಬಾಗಿಲಲ್ಲೂ ನಿಂತು ವೈದ್ಯ ಹೇಳಿದರು. ನಾಲ್ಕನೆಯ ದಿನ ಹೊಲದಲ್ಲಿ ಆಲೂಗೆಡ್ಡೆ ಕೀಳುವಾಗ, ಮಣ್ಣು ಕೈ ಕೊಡವಿಕೊಂಡು ಮಂಗಳಮ್ಮನವರ ಕಡೆ ತಿರುಗಿದರು.

"ಮಂಗಳಿ, ನಾನು ನಿನ್ನ ಬಗ್ಗೆ ಕೆಟ್ಟದಾಗಿ ಯೋಚ್ನೆ ಮಾಡ್ಬುಟ್ಟಿದ್ದೆ."

"ಗೊತ್ತು ಕಣಕ್ಕ."

"ಮಾರ್ಗಶಿರದಲ್ಲಿ ಮದುವೆ ಇಕ್ಕೊಳನಾ?"

"ಇಕ್ಕೊಳನ."

ಮಾದಿ ಮಧ್ಯದಲ್ಲಿ ಕೂತಿದ್ದವಳು ಇಬ್ಬರ ಮಡಿಲಿಗೂ ಒಂದೊಂದು ಆಲೂಗೆಡ್ಡೆ ಹಾಕಿದಳು. ತಾಂಬೂಲಕ್ಕೆ ಅಲ್ಲಿ ಬೇರೇನೂ ಇರಲಿಲ್ಲ.

ಮದುವೆ ಡಿಸೆಂಬರಿನಲ್ಲಿ ಬನ್ನಿಮಂಟಪದಲ್ಲಿ ಚಪ್ಪರ ಹಾಕಿ ನಡೆಯಿತು. ಮಾದಿ, ಅವಳ ಗಂಡ, ಇನ್ನೂ ಆರು ಜನ ಅಷ್ಟೇ ಸುತ್ತು ಹಾಕಿಕೊಂಡು ರೈಲಿನಲ್ಲಿ ಬಂದರು. ಹೆಂಗಸರೆಲ್ಲ ಬಿಳಿ ಬಟ್ಟೆಯಲ್ಲಿ ಸಾಲಾಗಿ ನಡೆದು ಬಂದಾಗ, ಇವರು ಯಾರೆಂದು ವಠಾರದವರು ಕೇಳಿದರು. ಬೋರಮ್ಮ, "ನಮ್ಮವರು. ಹಿಂದೆ ಇಲ್ಲಿಂದ್ಲೇ ಹೋದೋರು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಯಾರೂ ಏನೂ ಊದಲಿಲ್ಲ.

ಅಲ್ಲಿಂದ ಮುಂದೆ ಜುಲೈ ಬಂತೆಂದರೆ ಬೀಗಿತಿಯರಿಬ್ಬರೂ ಜತೆಯಲ್ಲೇ ಹೊರಡುತ್ತಿದ್ದರು. ಮಂಗಳಮ್ಮ ಅರವತ್ತೈದನೇ ಇಸವಿಯಲ್ಲಿ ರಿಟೈರಾದರು. ಬೀಳ್ಕೊಡುವಾಗ ಹೊಸ ಸ್ಟೇಷನ್ ಮಾಸ್ತರರು ಶಾಲು ಹೊದಿಸಿ ಎರಡು ಮಾತು ಹೇಳಿ ಎಂದಾಗ, "ಹಂಡೆ ತಳ ಸೋರ್ತದೆ, ಬದಲಾಯ್ಸಿ. ಹೆಣ್ಮಕ್ಕಳಿಗೆ ಬಿಸಿನೀರು ಸಾಲಲ್ಲ" ಎಂದು ಕೂತುಬಿಟ್ಟರು. ಹಂಡೆ ಬದಲಾಯಿತು.

ಮೊನ್ನೆ ಆಗಸ್ಟಿನಲ್ಲಿ ಅವರಿಂದ ನನಗೊಂದು ಕಾರ್ಡು ಬಂತು. ಮಾದಿಯ ಮೊಮ್ಮಗಳ ಕೈಯಲ್ಲಿ ಬರೆಸಿದ್ದು, ಕನ್ನಡ ಅಕ್ಷರ ಅವಳು ಹೊಸದಾಗಿ ಕಲಿತದ್ದಂತೆ, ಸಾಲು ಏರಿಳಿದಿತ್ತು. ಮಳೆ ಚೆನ್ನಾಗಿದೆ. ಆಲೂಗೆಡ್ಡೆ ಕೀಳುವುದು ಇನ್ನೂ ಮುಗಿದಿಲ್ಲ, ಬೋರಕ್ಕ ಬರಲು ಒಪ್ಪುತ್ತಿಲ್ಲ, ಇನ್ನು ಹದಿನೈದು ದಿನ ಬಿಟ್ಟು ಹೊರಡುತ್ತೇವೆ, ಪ್ರೇಮಲೀಲಾಗೆ ತಿಳಿಸಿ ಎಂದಿತ್ತು. ಸಂಜೆ ಆಫೀಸು ಮುಗಿಸಿ ಬನ್ನಿಮಂಟಪಕ್ಕೆ ಹೋಗಿ ಹೇಳಿದೆ. ಪ್ರೇಮಲೀಲಾ ಮಕ್ಕಳ ನೋಟ್ ಪುಸ್ತಕ ತಿದ್ದುತ್ತಾ ಕೂತಿದ್ದಳು. "ಹದಿನೈದು ದಿನಾನಾ? ತಿಂಗಳಾಗತ್ತೆ, ನೋಡ್ತಿರಿ" ಅಂದು ನನಗೆ ಕಾಫಿ ಮಾಡಲು ಎದ್ದಳು.